ಘಾಟಿ ಇಳಿಯದೆ ಪದವಿ: ಕೊಡಗಿನ ಸಣ್ಣ ಸರ್ಕಾರಿ ಕಾಲೇಜು ಯಾಕೆ ಹುಟ್ಟಿತು, ಈಗ ಯಾಕೆ ಬೇಕು

ಎರಡು ಮೂರು ತಲೆಮಾರು ಕಾಲೇಜು ಓದಿದ ಕೊಡಗಿನ ಮನೆಯೊಂದರಲ್ಲಿ ಹಳೇ ಕಬ್ಬಿಣದ ಪೆಟ್ಟಿಗೆ ತೆಗೆದು ನೋಡಿ. ಅಜ್ಜನ ಅಂಕಪಟ್ಟಿಯ ಮೇಲೆ ಮದ್ರಾಸ್ ವಿಶ್ವವಿದ್ಯಾಲಯ ಅಂತ ಇರುತ್ತದೆ. ಅಪ್ಪನದರ ಮೇಲೆ ಮೈಸೂರು. ಅಕ್ಕನದರ ಮೇಲೆ ಮಂಗಳೂರು. ಈಗ ಓದುತ್ತಿರುವ ತಂಗಿಯದರ ಮೇಲೆ ಕೊಡಗು ವಿಶ್ವವಿದ್ಯಾಲಯ. ನಾಲ್ಕು ಜನ, ನಾಲ್ಕು ವಿಶ್ವವಿದ್ಯಾಲಯ. ಆದರೆ ನಾಲ್ವರೂ ಓದಿದ್ದು ಕೊಡಗಿನೊಳಗೇ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗ ಮತ್ತೆ ಆ ಮೇಲಿನ ಹೆಸರಿನ ಬಗ್ಗೆಯೇ ಚರ್ಚೆ ನಡೆಯುತ್ತಿದೆ. 2022ರಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ಏಳು ಹೊಸ ವಿಶ್ವವಿದ್ಯಾಲಯ ಮಾಡಿತು. ಅದರಲ್ಲಿ ಕೊಡಗೂ ಒಂದು. 2023ರ ಮಾರ್ಚ್‌ನಲ್ಲಿ ಅದು ಶುರುವಾಯಿತು. ಕುಶಾಲನಗರದ ಕಡೆ ಚಿಕ್ಕಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತಲ್ಲ, ಅದೇ ಹೊಸದರ ಕೇಂದ್ರವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದವು ಬೇಡ ಅನ್ನುವ ಕಡೆಗೆ ವಾಲಿತು. ದುಡ್ಡಿಲ್ಲ, ಜಾಗ ಇಲ್ಲ, ಕಾಯಂ ಅಧ್ಯಾಪಕರಿಲ್ಲ ಅನ್ನುವುದು ಕಾರಣ. ಜಿಲ್ಲೆಯಲ್ಲಿ ಪ್ರತಿಭಟನೆ ಆಯಿತು, ಮನವಿ ಕೊಟ್ಟಿದ್ದಾಯಿತು. ಕಾಫಿ ಅಂಗಡಿಯಲ್ಲೂ ಇದೇ ಮಾತು: ಇಷ್ಟು ಚಿಕ್ಕ ಜಿಲ್ಲೆಗೆ ವಿಶ್ವವಿದ್ಯಾಲಯ ಬೇಕಾ, ಬೇಡವಾ?

ಪ್ರಶ್ನೆ ತಪ್ಪಲ್ಲ. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾರೂ ಅಷ್ಟಾಗಿ ಕೇಳುತ್ತಿಲ್ಲ. ಹೆಸರು ಮದ್ರಾಸಿನದೇ ಇರಲಿ, ಮಂಗಳೂರಿನದೇ ಇರಲಿ, ಪಾಠ ನಡೆಯುವುದು ಕಾಲೇಜಿನಲ್ಲಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಯಂಥ ಊರುಗಳ ಸಣ್ಣ ಸರ್ಕಾರಿ ಕಾಲೇಜುಗಳಲ್ಲಿ. ಅವು ಯಾಕೆ ಹುಟ್ಟಿದವು? ಯಾರಿಗಾಗಿ? ಆ ಕೆಲಸ ಮುಗಿದಿದೆಯಾ?

ಶುರುವಿನಿಂದ ನೋಡೋಣ. 1949. ಆಗ ಕೊಡಗು ಮೈಸೂರಿನ ಜೊತೆ ಇರಲಿಲ್ಲ. ಅದು ಚೀಫ್ ಕಮಿಷನರ್ ಆಡಳಿತದ ಪುಟ್ಟ ಪ್ರಾಂತ್ಯ. ಮುಂದೆ ‘ಸಿ’ ದರ್ಜೆ ರಾಜ್ಯವಾಗಿ, 1952ರಿಂದ 1956ರವರೆಗೆ ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿ ಆಗಿದ್ದರು. 24 ಸದಸ್ಯರ ವಿಧಾನಸಭೆ. 1951ರ ಜನಗಣತಿಯ ಪ್ರಕಾರ ಜನಸಂಖ್ಯೆ 2,29,405. ಇವತ್ತು ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಅದಕ್ಕಿಂತ ಜಾಸ್ತಿ ಜನ ಸಿಗಬಹುದು. ಅಷ್ಟು ಚಿಕ್ಕ ಸೀಮೆ ಸ್ವಂತ ವಿಶ್ವವಿದ್ಯಾಲಯ ಕಟ್ಟುವ ಮಾತೇ ಇರಲಿಲ್ಲ. ಆದರೆ ಒಂದು ಕಾಲೇಜು ಬೇಕು ಅಂತ ಅನಿಸಿತ್ತು. ಹಾಗೆ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾಯಿತು. ಸಂಯೋಜನೆ, ಅಂದರೆ ಪರೀಕ್ಷೆ ಮತ್ತು ಪದವಿಯ ನಂಟು, ಮದ್ರಾಸ್ ವಿಶ್ವವಿದ್ಯಾಲಯದ ಜೊತೆ.

ಅದಕ್ಕೆ ಮೊದಲು ಹೇಗಿತ್ತು? ಹೈಸ್ಕೂಲಿನ ತನಕ ಮಡಿಕೇರಿ. ಆಮೇಲೆ ಗಂಟುಮೂಟೆ ಕಟ್ಟಬೇಕು. ಮಂಗಳೂರಿನ ಸೇಂಟ್ ಅಲೋಶಿಯಸ್, ಮೈಸೂರಿನ ಮಹಾರಾಜಾ ಕಾಲೇಜು, ಇಲ್ಲವಾದರೆ ಮದ್ರಾಸು. ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದರು, ಕಾಲೇಜಿಗೆ ಮದ್ರಾಸಿನ ಪ್ರೆಸಿಡೆನ್ಸಿಗೆ ಹೋದರು. ಅವರ ತಂದೆ ಕಂದಾಯ ಇಲಾಖೆಯಲ್ಲಿದ್ದರು, ಕಳಿಸಲು ಸಾಧ್ಯವಾಯಿತು. ಕಳಿಸಲಾಗದ ಮನೆಗಳು ಎಷ್ಟಿದ್ದವು ಅನ್ನುವ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಬುದ್ಧಿ ಇದ್ದ ಹುಡುಗ ಗದ್ದೆಗೆ ಇಳಿದ, ಹುಡುಗಿ ಮದುವೆಯಾದಳು. ಅಷ್ಟೇ.

1949ರ ಜನವರಿ 15ರಂದು ಅದೇ ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದೇ ವರ್ಷ ಅವರ ಊರಿಗೆ ಕಾಲೇಜು ಬಂತು. ಈಗ ಆ ಕಾಲೇಜಿಗೆ ಅವರದೇ ಹೆಸರು: ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು. ಓದಲು ಮದ್ರಾಸಿಗೆ ಹೋಗಬೇಕಾಗಿ ಬಂದವರ ಹೆಸರನ್ನು, ಯಾರೂ ಹಾಗೆ ದೂರ ಹೋಗಬೇಕಾಗದಿರಲಿ ಅಂತ ಕಟ್ಟಿದ ಕಾಲೇಜಿಗೆ ಇಟ್ಟಿದ್ದಾರೆ. ಆ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯ ಸೇರಿತು. ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಕಡೆ ಹೋಯಿತು. 1980ರ ಸೆಪ್ಟೆಂಬರ್‌ನಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗ ದಕ್ಷಿಣ ಕನ್ನಡದ ಜೊತೆ ಕೊಡಗನ್ನೂ ಅದಕ್ಕೆ ಸೇರಿಸಿದರು. ಮಡಿಕೇರಿಯ ಹಳೇ ಕಾಲೇಜು ಮುಂದೆ ಮಂಗಳೂರು ವಿಶ್ವವಿದ್ಯಾಲಯದ ಘಟಕ ಕಾಲೇಜಾಯಿತು. ಅಂದರೆ ಬರೀ ಸಂಯೋಜನೆ ಅಲ್ಲ, ವಿಶ್ವವಿದ್ಯಾಲಯವೇ ನಡೆಸುವ ಕಾಲೇಜು. ಕೊಡವ ಭಾಷೆಯಲ್ಲಿ ಎಂ.ಎ. ಪಾಠ ಶುರುವಾದದ್ದೂ ಅಲ್ಲೇ.

ಕೊಡಗನ್ನು ಯಾವಾಗಲೂ ಯಾರದೋ ಜೊತೆ ಸೇರಿಸುವುದೇ ರೂಢಿ. ಲೋಕಸಭೆಗೆ ಮೊದಲು ಮಂಗಳೂರಿನ ಜೊತೆ ಇತ್ತು, ಈಗ ಮೈಸೂರಿನ ಜೊತೆ. ವಿಧಾನಸಭೆಯಲ್ಲಿ ಮೂರು ಸೀಟು ಇದ್ದದ್ದು 2008ಕ್ಕೆ ಎರಡಾಯಿತು. ರೈಲು ಇಲ್ಲ. ತಲೆ ಎಣಿಸುವ ಯಾವ ಲೆಕ್ಕದಲ್ಲೂ ನಾವು ಗೆಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ ಕೊಡಗು: ಸುಮಾರು 5.54 ಲಕ್ಷ. ವಿಸ್ತೀರ್ಣ ಮಾತ್ರ 4,102 ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರ್‌ಗೆ 135 ಜನ. ಅದರಲ್ಲೂ ಹೆಚ್ಚಿನವರು ಪೇಟೆಯಲ್ಲಿಲ್ಲ. ತೋಟದ ನಡುವೆ, ಗದ್ದೆಯ ಅಂಚಿಗೆ, ಕಾಡಿನ ಪಕ್ಕ, ಒಂದು ಮನೆಗೂ ಇನ್ನೊಂದಕ್ಕೂ ಕೂಗಿದರೆ ಕೇಳದಷ್ಟು ದೂರದಲ್ಲಿದ್ದಾರೆ.

ಸಣ್ಣ ಕಾಲೇಜಿನ ಅರ್ಥ ಇರುವುದು ಇಲ್ಲೇ. ಬಯಲುಸೀಮೆಯಲ್ಲಿ ಐದು ಕಿಲೋಮೀಟರ್ ಅಂದರೆ ಸೈಕಲ್ ದಾರಿ. ನಮ್ಮಲ್ಲಿ ಐದು ಕಿಲೋಮೀಟರ್ ಅಂದರೆ ಒಂದು ಇಳಿಜಾರು, ಒಂದು ತೋಡು, ಮಧ್ಯೆ ಆನೆ ದಾಟುವ ಜಾಗ. ಕುಟ್ಟದ ಕಡೆಯ ಹುಡುಗಿಗೆ, ಭಾಗಮಂಡಲದ ಮೇಲಿನ ಹಳ್ಳಿಯ ಹುಡುಗನಿಗೆ ಮಡಿಕೇರಿಯೇ ದೂರ. ಬೆಳಗಿನ ಬಸ್ ತಪ್ಪಿದರೆ ಅವತ್ತಿನ ಪಾಠ ತಪ್ಪಿತು. ಸಂಜೆಯ ಬಸ್ ತಪ್ಪಿದರೆ ಮನೆಯವರಿಗೆ ನಿದ್ದೆ ಇಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯದೇ ಆಯಿತು, ಎಷ್ಟೋ ಹುಡುಗಿಯರಿಗೆ ಅನುಕೂಲವಾಗಿದೆ. ಆದರೆ ಕೊಡಗಿನ ಒಳದಾರಿಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್. ಅಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ಪೇಟೆಯ ಹುಡುಗಿ ಬಿಟ್ಟಿ ಬರುತ್ತಾಳೆ, ಒಳಗಿನ ಹಾಡಿಯ (ಆದಿವಾಸಿಗಳ ಊರಿನ) ಹುಡುಗಿ ದುಡ್ಡು ಕೊಟ್ಟು ಬರುತ್ತಾಳೆ. ಇದನ್ನು ಬೆಂಗಳೂರಿನ ಮೇಜಿನ ಮುಂದೆ ಕೂತು ಕಾಣಲು ಆಗುವುದಿಲ್ಲ, ಅಲ್ವಾ?

ಈಗ ಒಂದು ದಿನದ ಮಾತು ಹೇಳುತ್ತೇನೆ. ದಕ್ಷಿಣ ಕೊಡಗಿನ ಒಂದು ಸಣ್ಣ ಊರು. ಮಳೆ ಶುರುವಾಗಿ ವಾರ ಆಗಿತ್ತು. ಕಾಲೇಜಿನಲ್ಲಿ ಮೊದಲ ವರ್ಷದ ಅಡ್ಮಿಷನ್ ನಡೆಯುತ್ತಿತ್ತು. ನಾನು ಬೇರೆ ಕೆಲಸಕ್ಕೆ ಹೋದವನು, ಮಳೆ ಬಿಡಲಿ ಅಂತ ಆಫೀಸಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಒಬ್ಬಳು ಮಗಳು. ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಕಾರರ ಸಾಲುಮನೆಯಿಂದ, ಬಂದವರು. ತಾಯಿಯ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್. ಒಂದು ಕಾಗದವೂ ಒದ್ದೆಯಾಗಿರಲಿಲ್ಲ. ಆ ತಾಯಿಯ ಸೆರಗು ಪೂರ್ತಿ ಒದ್ದೆಯಾಗಿತ್ತು.

ಈಗ ಅಡ್ಮಿಷನ್, ಫೀಸು, ಪರೀಕ್ಷೆ ಎಲ್ಲವೂ ಯುಯುಸಿಎಂಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಒಬ್ಬರು ಅತಿಥಿ ಉಪನ್ಯಾಸಕರು ಕಂಪ್ಯೂಟರ್ ಮುಂದೆ ಕೂತು ಫಾರಂ ತುಂಬುತ್ತಿದ್ದರು. ಮಧ್ಯದಲ್ಲಿ ಒಟಿಪಿ ಕೇಳಿತು.

“ಈ ನಂಬರ್ ಯಾರದ್ದಕ್ಕ?”

“ಇವಳ ಅಪ್ಪಂದು, ಸರ್. ತೋಟದಲ್ಲಿದ್ದಾರೆ.”

“ಅಲ್ಲಿ ನೆಟ್‌ವರ್ಕ್ ಸಿಗುತ್ತಾ?”

“ಕಳದ ಹತ್ತಿರ ಬಂದರೆ ಸಿಗುತ್ತೆ, ಸರ್.”

ಅವರು ಕೋಪ ಮಾಡಿಕೊಳ್ಳಲಿಲ್ಲ. ಆ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ನಂಬರ್ ಹುಡುಗಿಗೆ ಬಾಯಿಪಾಠ ಇತ್ತು. ರೈಟರ್‌ಗೆ ಫೋನ್ ಮಾಡಿದರು. ರೈಟರ್ ಒಬ್ಬನನ್ನು ಓಡಿಸಿದರು. ಅಪ್ಪ ಕಾಫಿ ಒಣಗಿಸುವ ಕಳಕ್ಕೆ ಬಂದು ನಂಬರ್ ಓದಿ ಹೇಳುವಷ್ಟರಲ್ಲಿ ಮೊದಲನೇ ಒಟಿಪಿಯ ಸಮಯ ಮುಗಿದಿತ್ತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಫಾರಂ ದಾಟಿತು. ಇಷ್ಟಕ್ಕೆ ಮುಕ್ಕಾಲು ಗಂಟೆ. ಹುಡುಗಿಯ ಮುಖದಲ್ಲಿ ನಗು ಬಂದದ್ದು ಆಗಲೇ. ಬಿ.ಕಾಂ. ಅವರ ಮನೆಯಲ್ಲಿ ಪಿಯುಸಿ ದಾಟಿದ ಮೊದಲನೆಯವಳು ಅವಳು.

ಆ ಮುಕ್ಕಾಲು ಗಂಟೆ ಯಾವ ಕಾರ್ಯಭಾರದ ಪಟ್ಟಿಯಲ್ಲೂ ಬರುವುದಿಲ್ಲ. ವಾರಕ್ಕೆ ಇಷ್ಟು ಗಂಟೆ ಪಾಠ ಅಂತ ಲೆಕ್ಕ ಇದೆ. ರೈಟರ್‌ಗೆ ಫೋನ್ ಮಾಡುವುದಕ್ಕೆ ಲೆಕ್ಕ ಇಲ್ಲ. ಆದರೆ ನನ್ನನ್ನು ಕೇಳಿದರೆ ಸಣ್ಣ ಸರ್ಕಾರಿ ಕಾಲೇಜು ಇರುವುದೇ ಅದಕ್ಕೆ. ಸಾವಿರಾರು ಮಕ್ಕಳಿರುವ ದೊಡ್ಡ ಕಾಲೇಜಿನಲ್ಲಿ ಆ ಹುಡುಗಿ ಸೈಬರ್ ಅಂಗಡಿಯಿಂದ ಸೈಬರ್ ಅಂಗಡಿಗೆ ಅಲೆಯುತ್ತಿದ್ದಳು. ಎರಡನೇ ದಿನಕ್ಕೆ ತಾಯಿಯ ಕೂಲಿ ಹೋಗುತ್ತಿತ್ತು. ಮೂರನೇ ದಿನ ಬರುತ್ತಿದ್ದರೋ ಇಲ್ಲವೋ.

ಆ ಉಪನ್ಯಾಸಕರ ಸ್ಥಿತಿಯನ್ನೂ ಹೇಳಬೇಕು. ರಾಜ್ಯದಲ್ಲಿ ನಾನೂರಕ್ಕೂ ಜಾಸ್ತಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ‘ಅತಿಥಿ’ ಅಂತ ಹೆಸರು, ಮನೆ ನಡೆಸುವುದು ಅವರೇ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಇವರ ಗಂಟೆ ಹೋಯಿತು. ರಜೆಯ ತಿಂಗಳುಗಳಲ್ಲಿ ಗೌರವಧನ ಇಲ್ಲ. 2023ರ ಕೊನೆಯಲ್ಲಿ ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿ ಅವರು ಬೀದಿಗೆ ಇಳಿದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಸರ್ಕಾರ ಗೌರವಧನ ಏರಿಸಿತು, ಕೆಲಸ ಕಾಯಂ ಆಗಲಿಲ್ಲ.

ಕೊಡಗಿನಲ್ಲಿ ಇದು ಇನ್ನೂ ಕಷ್ಟ. ಹೊರ ಜಿಲ್ಲೆಯ ಕಾಯಂ ಅಧ್ಯಾಪಕರು ಬರುತ್ತಾರೆ, ಎರಡು ಮಳೆಗಾಲ ನೋಡುತ್ತಾರೆ, ವರ್ಗಾವಣೆ ಕೇಳುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ಬಾಡಿಗೆ ಮನೆ ಸಿಗುವುದು ಕಷ್ಟ, ಸಿಕ್ಕಿದರೂ ಹೋಂಸ್ಟೇ ಕಾಲದ ಬಾಡಿಗೆ. ರೈಲಿಲ್ಲ. ಮನೆಯವರು ಮೈಸೂರಿನಲ್ಲೋ ಹಾಸನದಲ್ಲೋ ಇರುತ್ತಾರೆ. ಉಳಿದುಕೊಳ್ಳುವವರು ಯಾರು ಅಂದರೆ ಇದೇ ಊರಿನ ಅತಿಥಿ ಉಪನ್ಯಾಸಕರು. ಯಾವ ಮಗು ಯಾವ ತೋಟದ್ದು, ಯಾರ ಮನೆಯಲ್ಲಿ ಏನು ಕಷ್ಟ, ಎಲ್ಲ ಗೊತ್ತಿರುವವರು. ಕಾಲೇಜಿನ ನೆನಪಿನ ಶಕ್ತಿ ಅವರಲ್ಲೇ ಇದೆ. ಅವರ ಕೆಲಸವೇ ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಸಣ್ಣ ಕಾಲೇಜು ಸೊರಗುವುದಕ್ಕೆ ಮೊದಲ ಕಾರಣ ಇದು. ವಿಶ್ವವಿದ್ಯಾಲಯದ ಹೆಸರಲ್ಲ.

ಎರಡನೇ ಕಾರಣ ಕ್ಯಾಲೆಂಡರ್. ಇದು ಹೊರಗಿನವರಿಗೆ ಸಣ್ಣ ವಿಷಯ ಅನಿಸಬಹುದು. ನಮಗಲ್ಲ.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ನವೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ, ಜನವರಿಯಿಂದ ರೊಬಸ್ಟಾ. ಕುಯ್ಲಿನ ಆ ಮೂರ್ನಾಲ್ಕು ತಿಂಗಳು ಲೈನ್ ಮನೆಯಲ್ಲಿ ಎಲ್ಲರ ಕೈಗೂ ಕೆಲಸ. ಕೂಲಿ ಕೆ.ಜಿ. ಲೆಕ್ಕ. ಕಾಲೇಜಿನ ಹುಡುಗನೂ ಭಾನುವಾರ ಹೋಗುತ್ತಾನೆ. ಫೀಸು ಕಟ್ಟಬೇಕಾದಾಗ ಸೋಮವಾರವೂ ಹೋಗುತ್ತಾನೆ. ಹಾಜರಾತಿ 75 ಶೇಕಡಾ ಇರಲೇಬೇಕು ಅನ್ನುವ ನಿಯಮ ಆಗ ಅವನ ಕುತ್ತಿಗೆಗೆ ಬರುತ್ತದೆ. ಸಣ್ಣ ಬೆಳೆಗಾರರ ಮನೆಯಲ್ಲೂ ಹೀಗೇ. ಆಳು ಸಿಗದಿದ್ದರೆ ಮನೆಮಕ್ಕಳೇ ಹಣ್ಣು ಬಿಡಿಸಬೇಕು.

ಅತ್ತ ಮಳೆಗಾಲದ್ದು ಇನ್ನೊಂದು ಕಥೆ. ಜೂನ್‌ನಿಂದ ಸೆಪ್ಟೆಂಬರ್. ಮರ ಬಿದ್ದು ಕರೆಂಟ್ ಹೋದರೆ ಒಳಗಿನ ಊರುಗಳಲ್ಲಿ ದಿನಗಟ್ಟಲೆ ಬರುವುದಿಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ಅದೇ ವಾರ ಆನ್‌ಲೈನ್ ಅರ್ಜಿಯ ಕೊನೇ ದಿನಾಂಕ ಇರುತ್ತದೆ. 2018ರ ಆಗಸ್ಟ್ ನೆನಪಿದೆಯಲ್ಲ? ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆ, ತೋಟ, ಜನ ಎಲ್ಲ ಹೋಯಿತು. ಮಡಿಕೇರಿ–ಮಂಗಳೂರು ಹೆದ್ದಾರಿ ಕುಸಿದು ಬಹಳ ದಿನ ಬಂದ್ ಆಯಿತು. ಆಗ ನಮ್ಮ ಕಾಲೇಜುಗಳ ವಿಶ್ವವಿದ್ಯಾಲಯ ಇದ್ದದ್ದು ಆ ಹೆದ್ದಾರಿಯ ಆಚೆ ತುದಿಯಲ್ಲಿ, ಸುಮಾರು 135 ಕಿಲೋಮೀಟರ್ ದೂರ, ಸಂಪಾಜೆ ಘಾಟಿಯ ಕೆಳಗೆ. ಒಂದು ನಕಲು ಅಂಕಪಟ್ಟಿ ಬೇಕೆಂದರೂ ಘಾಟಿ ಇಳಿಯಬೇಕು, ಒಂದು ದಿನ ಪೂರ್ತಿ ಹೋಗಬೇಕು. ರಸ್ತೆ ಬಂದ್ ಆದರೆ ಅದೂ ಇಲ್ಲ.

ಕೊಡಗಿಗೇ ವಿಶ್ವವಿದ್ಯಾಲಯ ಬೇಕು ಅನ್ನುವ ಆಸೆ ಹುಟ್ಟಿದ್ದು ಇಂಥದ್ದರಿಂದಲೇ. ಸುಮ್ನೆ ಪ್ರತಿಷ್ಠೆಗೆ ಅಲ್ಲ. ಕುಯ್ಲು ನೋಡಿ ಪರೀಕ್ಷೆ ಇಡಬಹುದು, ಮಳೆ ನೋಡಿ ದಿನಾಂಕ ಮುಂದೂಡಬಹುದು, ಕೆಲಸ ಇದ್ದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರಬಹುದು. ಜನರ ಲೆಕ್ಕ ಇಷ್ಟೇ ಇತ್ತು.

ಸರ್ಕಾರದ ಲೆಕ್ಕ ಬೇರೆ. ಅದನ್ನೂ ಪ್ರಾಮಾಣಿಕವಾಗಿ ನೋಡಬೇಕು. ರಾಜ್ಯದ ವಿಶ್ವವಿದ್ಯಾಲಯಗಳು ದಿನ ದೂಡುವುದು ಬಹುಪಾಲು ಸಂಯೋಜನೆಯ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ. ನೂರಾರು ಕಾಲೇಜು ಇದ್ದರೆ ಆ ದುಡ್ಡು ಸಾಕಾಗುತ್ತದೆ. ಕೊಡಗಿನಲ್ಲಿ ಇರುವುದು ಸುಮಾರು ಎರಡು ಡಜನ್ ಕಾಲೇಜು. ಅದರಲ್ಲಿ ಹಲವು ಬಹಳ ಚಿಕ್ಕವು. ಶುಲ್ಕದಿಂದ ವಿಶ್ವವಿದ್ಯಾಲಯ ನಡೆಯುವುದಿಲ್ಲ. ಸರ್ಕಾರ ಕೈ ಹಿಡಿಯಲೇಬೇಕು. ಏಳು ವಿಶ್ವವಿದ್ಯಾಲಯ ಘೋಷಿಸಿದಾಗ ಒಂದೊಂದಕ್ಕೆ ಇಟ್ಟ ದುಡ್ಡು 2 ಕೋಟಿ. ಇಷ್ಟರಲ್ಲಿ ಹೊಸ ವಿಶ್ವವಿದ್ಯಾಲಯ ಕಟ್ಟಿ ಅಂದರೆ ಹೇಗೆ? ಅನ್ನ ಹಾಕದೆ ಮಗು ಬೆಳೆಯಲಿಲ್ಲ ಅಂದ ಹಾಗಾಯಿತು. ಕಾಲೇಜುಗಳನ್ನು ಕಳೆದುಕೊಂಡ ಹಳೇ ವಿಶ್ವವಿದ್ಯಾಲಯಗಳ ವರಮಾನಕ್ಕೂ ಪೆಟ್ಟು ಬಿತ್ತು. ಹಾಗಾಗಿ ಹೊಸದನ್ನು ಹಳೆಯದರಲ್ಲೇ ವಿಲೀನ ಮಾಡಿ ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ.

ಕೊಡಗು ವಿಶ್ವವಿದ್ಯಾಲಯ ಉಳಿಯಲಿ ಅನ್ನುವುದು ನನ್ನ ಆಸೆ. ಆದರೆ ನನ್ನ ಭಯ ಇರುವುದು ಬೇರೆ ಕಡೆ. ಮೇಲಿನ ಕಟ್ಟಡದ ಗಲಾಟೆಯಲ್ಲಿ ಕೆಳಗಿನ ಪಾಯ ಸದ್ದಿಲ್ಲದೆ ಕುಸಿಯುತ್ತಿದೆ. ಹೇಗೆ ಅಂದರೆ ಹೀಗೆ: ಒಂದು ವರ್ಷ ಬಿ.ಎಸ್ಸಿ.ಗೆ ಸೇರುವವರು ಕಡಿಮೆಯಾಗುತ್ತಾರೆ. ಲ್ಯಾಬ್ ಖರ್ಚು ಜಾಸ್ತಿ, ಮಕ್ಕಳು ಕಡಿಮೆ, ಈ ಕಾಂಬಿನೇಷನ್ ಬೇಡ ಅಂತ ತೀರ್ಮಾನವಾಗುತ್ತದೆ. ಮುಂದಿನ ವರ್ಷ ವಿಜ್ಞಾನ ಓದಬೇಕು ಅನ್ನುವ ಮಕ್ಕಳು ಇತ್ತ ತಲೆ ಹಾಕುವುದಿಲ್ಲ. ದುಡ್ಡಿದ್ದವರು ಮೈಸೂರು, ಮಂಗಳೂರು ಅಂತ ಹೋಗುತ್ತಾರೆ. ಇಲ್ಲದವರು ವಿಜ್ಞಾನವನ್ನೇ ಬಿಡುತ್ತಾರೆ. ಕಾಲೇಜಿನ ಒಟ್ಟು ಸಂಖ್ಯೆ ಇಳಿಯುತ್ತದೆ. ಆಗ ‘ನೋಡಿ, ಮಕ್ಕಳೇ ಇಲ್ಲ’ ಅನ್ನುತ್ತಾರೆ. ಬಾವಿಗೆ ಮಣ್ಣು ಹಾಕಿ ನೀರಿಲ್ಲ ಅನ್ನುವುದು ಯಾವ ನ್ಯಾಯ?

ಅದರ ಮೇಲೆ ಪಠ್ಯದ ಬದಲಾವಣೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿ, ಹೊಸ ವಿಷಯಗಳು. 2024-25ಕ್ಕೆ ಅದನ್ನು ಬಿಟ್ಟು ಮತ್ತೆ ಮೂರು ವರ್ಷ. ಯಾವುದು ಸರಿ ಅನ್ನುವುದು ಬೇರೆ ಚರ್ಚೆ. ಮೂವರು ಅಧ್ಯಾಪಕರಿರುವ ಕಾಲೇಜಿನಲ್ಲಿ ಒಂದೇ ಸಮಯಕ್ಕೆ ಒಂದು ತರಗತಿಗೆ ಹಳೇ ಪಠ್ಯ, ಇನ್ನೊಂದಕ್ಕೆ ಹೊಸ ಪಠ್ಯ, ಎರಡು ವೇಳಾಪಟ್ಟಿ. ದೊಡ್ಡ ಕಾಲೇಜು ಹೇಗೋ ತಡೆದುಕೊಳ್ಳುತ್ತದೆ. ಸಣ್ಣದಕ್ಕೆ ಸೊಂಟ ಮುರಿಯುತ್ತದೆ.

ಒಬ್ಬ ಸ್ನೇಹಿತರು ನನ್ನನ್ನು ಕೇಳಿದರು: ಇಷ್ಟೆಲ್ಲ ಕಷ್ಟಪಡುವ ಬದಲು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಒಂದು ದೊಡ್ಡ ಕಾಲೇಜು ಮಾಡಿ, ಒಳ್ಳೇ ಹಾಸ್ಟೆಲ್ ಕಟ್ಟಿದರೆ ಆಗಲ್ವಾ? ಒಳ್ಳೇ ಲ್ಯಾಬ್, ಒಳ್ಳೇ ಲೈಬ್ರರಿ, ಕಾಯಂ ಅಧ್ಯಾಪಕರು ಒಂದೇ ಕಡೆ. ಪ್ರಶ್ನೆ ಸರಿಯಾದದ್ದೇ. ಕೆಲವು ಮಕ್ಕಳಿಗೆ ಹಾಸ್ಟೆಲ್ಲೇ ವರ. ಹಾಡಿಯಿಂದ ಬಂದ ಜೇನುಕುರುಬ, ಯರವ ಮಕ್ಕಳಲ್ಲಿ ಪದವಿ ಮುಗಿಸಿದವರನ್ನು ಕೇಳಿ, ಹಾಸ್ಟೆಲ್ ಇಲ್ಲದಿದ್ದರೆ ಆಗುತ್ತಿರಲಿಲ್ಲ ಅನ್ನುವವರು ಸಿಗುತ್ತಾರೆ. ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಹತ್ತನೇ ಒಂದು ಭಾಗ ಪರಿಶಿಷ್ಟ ಪಂಗಡದವರು. ಅವರಿಗೆ ಇನ್ನೂ ಹೆಚ್ಚು, ಇನ್ನೂ ಒಳ್ಳೇ ಹಾಸ್ಟೆಲ್ ಬೇಕೇ ಬೇಕು.

ಆದರೆ ಮನೆ ಬಿಟ್ಟು ಬರಲಾಗದ ಮಕ್ಕಳಿದ್ದಾರೆ. ಅವರೇ ಜಾಸ್ತಿ. ಸಂಜೆ ಬಂದು ಹಸು ಕಟ್ಟಬೇಕಾದವನು, ಕಾಯಿಲೆಯ ಅಜ್ಜಿಯನ್ನು ನೋಡಿಕೊಳ್ಳುವವಳು, ಭಾನುವಾರದ ಕುಯ್ಲಿನ ದುಡ್ಡಿನಲ್ಲೇ ಪರೀಕ್ಷಾ ಶುಲ್ಕ ಕಟ್ಟುವವನು. ‘ದಿನಾ ಮನೆಗೆ ಬರುತ್ತೀಯಾದರೆ ಓದು’ ಅಂತ ಅಪ್ಪ ಒಪ್ಪಿದ ಹುಡುಗಿಯರು ಎಷ್ಟೋ. ಆ ಅಪ್ಪ ಹಾಗೆ ಹೇಳಬಾರದು ಅಂತ ನನಗೂ ಅನಿಸುತ್ತದೆ. ಆದರೆ ಅವನ ಮನಸ್ಸು ಬದಲಾಗುವ ತನಕ ಆ ಹುಡುಗಿಯ ವಯಸ್ಸು ಕಾಯುತ್ತದಾ? ಹತ್ತಿರದ ಕಾಲೇಜು ಇದ್ದರೆ ಅವಳು ಪದವೀಧರೆ, ಇಲ್ಲದಿದ್ದರೆ ಪಿಯುಸಿಗೆ ಮುಗಿಯಿತು. ನಡುವೆ ಇನ್ನೊಂದು ದಾರಿ ಇಲ್ಲ.

ಗುಣಮಟ್ಟದ ಮಾತು ಮುಚ್ಚಿಡಬಾರದು. ಕೆಲವು ಸಣ್ಣ ಕಾಲೇಜುಗಳಲ್ಲಿ ಕಟ್ಟಡ ಇದೆ, ಪುಸ್ತಕ ಇಲ್ಲ. ಕಂಪ್ಯೂಟರ್ ಇದೆ, ಹೇಳಿಕೊಡುವವರಿಲ್ಲ. ಪದವಿ ಮುಗಿಸಿದ ಮಗು ನಾಲ್ಕು ಸಾಲು ಇಂಗ್ಲಿಷ್ ಬರೆಯಲು ತಡವರಿಸುತ್ತದೆ. ಇದಕ್ಕೆ ಔಷಧಿ ಕಾಲೇಜು ಮುಚ್ಚುವುದಲ್ಲ. ಜ್ವರ ಬಂದವನಿಗೆ ಗಂಜಿ ನಿಲ್ಲಿಸುತ್ತೇವಾ?

ಇನ್ನೊಂದು ಕೆಲಸ ಸಣ್ಣ ಕಾಲೇಜಿನಿಂದ ಆಗಬಹುದು, ಇದುವರೆಗೆ ಅಷ್ಟಾಗಿ ಆಗಿಲ್ಲ. ಊರನ್ನು ಓದುವ ಕೆಲಸ. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಪ್ಪಂಗಳದಲ್ಲಿ ಏಲಕ್ಕಿಯ ಸಂಶೋಧನೆ ನಡೆಯುತ್ತದೆ. ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಕಾಲೇಜು ಇದೆ, ಅದೂ ಸರ್ಕಾರಿಯೇ. ಅಲ್ಲಿಗೆ ರಾಜ್ಯದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. ಇವೆಲ್ಲ ನಮ್ಮ ಪದವಿ ಕಾಲೇಜುಗಳಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೆ ಕಾಫಿ ತೋಟದ ನಡುವೆ ಬೆಳೆದ ಬಿ.ಕಾಂ. ಮಗುವಿಗೆ ಕಾಫಿಯ ಬೆಲೆ ಲಂಡನ್ ಮಾರುಕಟ್ಟೆಯಲ್ಲಿ ಹೇಗೆ ನಿರ್ಧಾರವಾಗುತ್ತದೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಪ್ಪ ಕಳದಲ್ಲಿ ಒಣಗಿಸಿದ ರೊಬಸ್ಟಾ ಚೆರ್ರಿಯ ಔಟ್‌ಟರ್ನ್, ಅಂದರೆ ಒಣಗಿದ ಹಣ್ಣಿನಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ, ಹಾಕಲು ಅವನಿಗೆ ಬರುವುದಿಲ್ಲ, ವ್ಯಾಪಾರಿ ಹೇಳಿದ್ದೇ ಲೆಕ್ಕ. ದೂರದಲ್ಲಿ ಕೂತು ಮಾಡಿದ ಪಠ್ಯದಲ್ಲಿ ಇದಕ್ಕೆ ಜಾಗ ಇರಲಿಲ್ಲ. ಜಿಲ್ಲೆಯಲ್ಲೇ ಕೂತು ಮಾಡಿದರೆ ಇರುತ್ತದೆ ಅಂತ ನಂಬಿದ್ದೆವು.

ಭಾಷೆಯ ವಿಷಯವೂ ಹಾಗೇ. ಒಂದು ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಯರವ, ಕುರುಬ ಭಾಷೆ ಆಡುವ ಮಕ್ಕಳು ಪಕ್ಕ ಪಕ್ಕ ಕೂರುತ್ತಾರೆ. ಎಲ್ಲರನ್ನೂ ಸೇರಿಸುವುದು ಕನ್ನಡ. ಈಚೆಗೆ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳೂ ಶಾಲೆಗಳಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಇನ್ನು ಕೆಲವೇ ವರ್ಷಕ್ಕೆ ಅವರೂ ಪದವಿ ಕಾಲೇಜಿನ ಬಾಗಿಲಿಗೆ ಬರುತ್ತಾರೆ. ಅವರಿಗೆ ಖಾಸಗಿ ಕಾಲೇಜಿನ ಫೀಸು ಕಟ್ಟಲು ಆಗುತ್ತದಾ?

ಹಾಗಾದರೆ ಸರ್ಕಾರವನ್ನು ಏನು ಕೇಳಬೇಕು? ವಿಶ್ವವಿದ್ಯಾಲಯ ಯಾರ ಕೆಳಗೇ ಹೋಗಲಿ, ಮೂರು ಮಾತು ಬರಹದಲ್ಲಿ ಬರಬೇಕು ಅಂತ ನನ್ನ ಒತ್ತಾಯ. ವಿಲೀನವಾದರೂ ಚಿಕ್ಕಅಳುವಾರದಲ್ಲಿ ಅಂಕಪಟ್ಟಿ, ಪರೀಕ್ಷೆ, ಶುಲ್ಕದ ಎಲ್ಲ ಕೆಲಸ ಮಾಡಿಕೊಡುವ ಕಚೇರಿ ಉಳಿಯಬೇಕು, ಬರೀ ಬೋರ್ಡ್ ಅಲ್ಲ, ಸಹಿ ಹಾಕುವ ಅಧಿಕಾರ ಇರುವವರು ಅಲ್ಲಿ ಕೂರಬೇಕು. ಗುಡ್ಡಗಾಡು ಜಿಲ್ಲೆಯ ಕಾಲೇಜನ್ನು ಬಯಲುಸೀಮೆಯ ಸಂಖ್ಯೆಯಿಂದ ಅಳೆಯಬಾರದು. ಒಂದು ಕಾಂಬಿನೇಷನ್ ಮುಚ್ಚುವ ಮೊದಲು, ಅದೇ ವಿಷಯ ಸಿಗುವ ಮುಂದಿನ ಸರ್ಕಾರಿ ಕಾಲೇಜು ಎಷ್ಟು ದೂರ, ಬಸ್ ಇದೆಯಾ ಅಂತ ನೋಡಬೇಕು. ಇನ್ನು, ವರ್ಷಗಟ್ಟಲೆ ಇಲ್ಲೇ ದುಡಿದ ಅತಿಥಿ ಉಪನ್ಯಾಸಕರಿಗೆ ಇಲ್ಲೇ ಭದ್ರತೆ ಕೊಡಬೇಕು. ಇದರಲ್ಲಿ ಮೊದಲ ಎರಡಕ್ಕೆ ದುಡ್ಡೂ ಹೆಚ್ಚು ಬೇಕಾಗಿಲ್ಲ.

ಕೆಲವು ಕೆಲಸಕ್ಕೆ ಸರ್ಕಾರವೂ ಬೇಕಾಗಿಲ್ಲ. ನಾನು ಮೇಲೆ ಹೇಳಿದ ಆ ಸಣ್ಣ ಊರಿನ ಕಾಲೇಜಿನಲ್ಲಿ ಕೊನೆಯ ಪೀರಿಯಡ್ ಮುಗಿಯುತ್ತಿದ್ದದ್ದು 4 ಗಂಟೆ 10 ನಿಮಿಷಕ್ಕೆ. ಒಳಗಿನ ಹಳ್ಳಿಗಳಿಗೆ ಹೋಗುವ ಖಾಸಗಿ ಬಸ್ ಹೊರಡುತ್ತಿದ್ದದ್ದು 4 ಗಂಟೆಗೆ. ಅದು ಬಿಟ್ಟರೆ ಆ ದಾರಿಗೆ ಬೇರೆ ಬಸ್ಸಿಲ್ಲ. ಹಾಗಾಗಿ ಇಕನಾಮಿಕ್ಸ್ ಪಾಠದ ನಡುವೆ ಅರ್ಧ ಕ್ಲಾಸು ಎದ್ದು ಓಡುತ್ತಿತ್ತು. ಕೊನೆಗೆ ಮಕ್ಕಳೇ ಒಂದು ಕಾಗದ ಬರೆದು ಸಹಿ ಹಾಕಿ ಬಸ್ಸಿನ ಮಾಲೀಕರ ಹತ್ತಿರ ಹೋದರು. ಅವರು ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರನ್ನೂ ಕರೆದು ಮಾತಾಡಿದರು. ಈಗ ಬಸ್ 4 ಗಂಟೆ 20 ನಿಮಿಷಕ್ಕೆ ಹೊರಡುತ್ತದೆ. ಮಳೆ ಜೋರಿದ್ದ ದಿನ ಕಂಡಕ್ಟರ್ ಕಾಲೇಜಿನ ಗೇಟಿನ ಹತ್ತಿರ ಬಂದು ಸೀಟಿ ಊದುತ್ತಾನೆ. ಒಳಗೆ ಅಷ್ಟೂ ಜನ ಕೂತಿರುತ್ತಾರೆ.